ಕೇಳುವ ಅನುಮತಿ

9 ಫೆಬ್ರವರಿ

ಮಗಳೇ,

ಮಂಚದ ಕೆಳಗಿಂದ ಟೈಪ್‌ರೈಟರ್ ಎಳೆದು, ಒರೆಸಿ, ಕೂತಿದ್ದೇನೆ. ಅಕ್ಷರ ಮೂಡುತ್ತಿದೆಯೋ ಇಲ್ಲವೋ ಅಂತ ಕೆಳಗಿನ ರಿಪೇರಿ ಅಂಗಡಿಯ ಚಿಮಟಳನ್ನು ಕರೆದು ಕೇಳಿದೆ. ಮೂಡುತ್ತಿದೆ, ಸ್ವಲ್ಪ ಮಾಸಲು ಅಂದಳು. (ಕೈಯಿಂದ ಚಿಮಟ ಬಿಡದವಳು ಅಂತ ಬೀದಿಯವರಿಟ್ಟ ಹೆಸರು ಈಗ ಅವಳ ಅಂಗಡಿಯ ಬೋರ್ಡಿನ ಮೇಲೂ ಬಂದಿದೆಯಂತೆ.) ಹೊಡೆದ ಹಾಳೆಯನ್ನು ಫೋನಿಗೆ ತೋರಿಸಿದರೆ ಅದು ಓದಿ ಹೇಳುತ್ತದೆ, ನಿಜ. ಆದರೆ ನನ್ನ ಮಾತನ್ನು ಯಂತ್ರದ ಬಾಯಲ್ಲಿ ಕೇಳಿದರೆ ಹರಿದು ಹಾಕಿಯೇನು ಅಂತ ತೋರಿಸುತ್ತಿಲ್ಲ. ಹೇಳಿದ್ದನ್ನೇ ಹೇಳಿದ್ದರೆ ಮುಂದಿನ ಸಾಲಿಗೆ ಹೋಗು.

ಅಮ್ಮನ ಪುಸ್ತಕಗಳು ನಿಂತುಹೋಗಿವೆ.

ಹೋದ ವಾರ ಸಂಜೆ, ಸಂಗೀತ ಶಾಲೆಯ ಪಿಯಾನೊದ, ತಂತಿ ಬಡಿಯುವ ಪುಟ್ಟ ಸುತ್ತಿಗೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟುಕೊಂಡು, ಸವೆದ ಉಣ್ಣೆಯ ಫೆಲ್ಟ್ ಕಿತ್ತು ಹೊಸದು ಅಂಟಿಸಲು ಕೂತೆ. ನನ್ನ ಕೈ ಕೆಲಸ ಮಾಡುವಾಗ ಅವಳು ಓದಬೇಕು, ಅದು ನಮ್ಮ ಮನೆಯ ರೂಢಿ. ಇದ್ದಾಗ ಎದುರು ಕುರ್ಚಿಯಲ್ಲಿ ಕೂತು ಓದುತ್ತಿದ್ದಳು. ಹೋದ ಮೇಲೆ ಫೋನಿನೊಳಗಿಂದ ಓದುತ್ತಿದ್ದಳು. ಅಷ್ಟು ವರ್ಷ ಆ ಕೇಳುಪುಸ್ತಕದ ಕಂಪನಿಯ ಸ್ಟುಡಿಯೋದಲ್ಲಿ ಕೂತು ಊರಿಗೆಲ್ಲ ಕಾದಂಬರಿ ಓದಿ ಹೇಳಿದ್ದು ಕೊನೆಗೆ ನನಗೊಬ್ಬನಿಗೆ ಉಪಯೋಗಕ್ಕೆ ಬಂತು ಅಂದುಕೊಳ್ಳುತ್ತಿದ್ದೆ. ಗುಂಡಿ ಒತ್ತಿದೆ. ಅವಳ ಬದಲು ಯಂತ್ರದ ದನಿ ಬಂತು: "ಈ ಸಾಧನದ ತಂತ್ರಾಂಶವನ್ನು ಬದಲಾಯಿಸಲಾಗಿದೆ. ಪುಸ್ತಕಗಳ ರಕ್ಷಣೆಯ ದೃಷ್ಟಿಯಿಂದ ಆ್ಯಪ್ ತೆರೆಯಲಾಗದು." ಮತ್ತೆ ಒತ್ತಿದೆ. ಅದೇ ವಾಕ್ಯ, ಅದೇ ವಿನಯ.

ಈ ಫೋನಿನ ಪೂರ್ತಿ ಕಥೆ ನಿನಗೆ ಗೊತ್ತಿರಲಾರದು. ಆಗ ನೀನು ರೈಲಿನ ತರಬೇತಿಯಲ್ಲಿದ್ದೆ. ಫೋನು ಮಾಡಿದ ಕಂಪನಿಯೇ ಇದನ್ನು ಯಾವತ್ತೋ ಕೈಬಿಟ್ಟಿತ್ತು. ಗುಂಡಿಗಳಿರುವ ಇಂಥ ಫೋನು ಈಗ ಸಿಗುವುದಿಲ್ಲ, ನನಗೋ ಗುಂಡಿಗಳಿಲ್ಲದೆ ಆಗುವುದಿಲ್ಲ. ಅಮ್ಮ ಚಿಮಟಳ ಹತ್ತಿರ ಒಯ್ದಳು. ಅವಳು ಕಂಪನಿಯ ತಂತ್ರಾಂಶ ತೆಗೆದು, ಎಲ್ಲೆಲ್ಲೋ ಕೂತು ಬಿಟ್ಟಿ ದುಡಿಯುವ ಜನ ಬರೆದ ಬೇರೊಂದನ್ನು ಹಾಕಿದಳು. ಅಂದಿನಿಂದ ಇದು ನನ್ನ ಕಣ್ಣು. ಕಾಗದ ಹಿಡಿದರೆ ಓದುತ್ತದೆ, ನಮ್ಮ ಭಾಷೆಯನ್ನು ನಮ್ಮ ಭಾಷೆಯ ಹಾಗೇ ಓದುತ್ತದೆ. ಬೀದಿಯ ತಿರುವು ಹೇಳುತ್ತದೆ. ಮಾತ್ರೆ ಡಬ್ಬಿಯ ಮೇಲಿನ ಹೆಸರು ಹೇಳುತ್ತದೆ.

ಈಗ ಪುಸ್ತಕದ ಕಂಪನಿಯವರು, ಬದಲಾಯಿಸಿದ ಫೋನಿರುವವರು ಪುಸ್ತಕ ಕದಿಯುತ್ತಾರೆ ಅಂತ ಬಾಗಿಲು ಹಾಕಿಕೊಂಡಿದ್ದಾರೆ. ನಾನು ಕಾಸು ಕೊಟ್ಟು ಕೊಂಡದ್ದನ್ನು ನಾನೇ ಕದಿಯುವುದು ಹೇಗೆ ಅಂತ ಚಿಮಟಳನ್ನು ಕೇಳಿದೆ. "ಅವ್ರು ನಿಮ್ಮನ್ನ ನೋಡಿ ಹೇಳ್ತಿಲ್ಲ ಸಾರ್, ಫೋನ್ ನೋಡಿ ಹೇಳ್ತಿದಾರೆ" ಅಂದಳು. ಬ್ಯಾಂಕಿನದೂ ಹೋದ ತಿಂಗಳೇ ನಿಂತಿತ್ತು. ಅದಕ್ಕೆ ಕ್ಯೂನಲ್ಲಿ ನಿಂತರಾಯಿತು ಅಂತ ನಿನಗೆ ಹೇಳಿರಲಿಲ್ಲ.

ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಉತ್ತರ ಬರೆಯುವುದಾದರೆ ಅಕ್ಷರ ಬಿಡಿಬಿಡಿಯಾಗಿ ಬರೆ. ಒತ್ತಕ್ಷರ ಕೆಳಗಿನ ಸಾಲಿಗೆ ತಗುಲಿದರೆ ಫೋನು ತಡವರಿಸುತ್ತದೆ.

ನಿನ್ನ ಅಪ್ಪ


27 ಫೆಬ್ರವರಿ

ಅಪ್ಪಾ,

ನಾನೊಂದು ಊರಿನಲ್ಲಿದ್ದರೆ ನಿಮ್ಮ ಕಾಗದ ಇನ್ನೊಂದರಲ್ಲಿ ಕಾಯುತ್ತಿತ್ತು. ಇವತ್ತು ಸಿಕ್ಕಿತು. ಗಾಡಿ ಓಡಿಸುವವರಿಗೆಂದು ಇರುವ ರನ್ನಿಂಗ್ ರೂಮಿನಲ್ಲಿ, ಪಕ್ಕದ ಮಂಚದವರ ಗೊರಕೆಯ ನಡುವೆ ಬರೆಯುತ್ತಿದ್ದೇನೆ. ಒತ್ತಕ್ಷರಗಳನ್ನು ಹಿಡಿದಿಟ್ಟು ಬರೆದಿದ್ದೇನೆ. ಓದಲು ಬಂದರೆ ಫೋನಿಗೆ ನನ್ನ ನಮಸ್ಕಾರ ಹೇಳಿ.

ಹೊಸ ಫೋನು ಕಳಿಸುತ್ತಿದ್ದೇನೆ. ಅದನ್ನು ಯಾರೂ ಬದಲಾಯಿಸಿಲ್ಲ, ಆದ್ದರಿಂದ ಎಲ್ಲ ಆ್ಯಪ್‌ಗಳೂ ತೆರೆದುಕೊಳ್ಳುತ್ತವೆ. ಬೇಡ ಅನ್ನಬೇಡಿ. ಹಳೆಯದಕ್ಕೂ ವಯಸ್ಸಾಯಿತು, ಒಂದು ದಿನ ಅದು ದಾರಿ ಮಧ್ಯೆ ಕೈಕೊಟ್ಟರೆ ನೀವು ಏನು ಮಾಡುತ್ತೀರಿ ಅನ್ನುವ ಯೋಚನೆ ನನಗೆ ಮೊದಲಿಂದಲೂ ಇದೆ.

ನೀವು ದಿನಾ ಅಮ್ಮನ ದನಿ ಕೇಳುತ್ತೀರಿ ಅಂತ ಗೊತ್ತಿತ್ತು. ನನಗೆ ಇದುವರೆಗೆ ಒಂದು ಪುಟವನ್ನೂ ಕೇಳಲು ಆಗಿಲ್ಲ. ಒಮ್ಮೆ ಗುಂಡಿ ಒತ್ತಿ, ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು, ಅಷ್ಟಕ್ಕೇ ನಿಲ್ಲಿಸಿದೆ. ಹಾಗಾಗಿ ಈ ವಿಷಯದಲ್ಲಿ ನನ್ನ ಬುದ್ಧಿಮಾತು ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳಿ.

ಫೋನು ಬಂದ ತಕ್ಷಣ ತಿಳಿಸಿ.

ಮಗಳು


30 ಮಾರ್ಚ್

ಮಗಳೇ,

ನಿನ್ನ ಕಾಗದವನ್ನು ಫೋನು ಒಂದೇ ಉಸಿರಿಗೆ ಓದಿತು. "ಗೊರಕೆ" ಅನ್ನುವಲ್ಲಿ ಮಾತ್ರ ಸ್ವಲ್ಪ ಯೋಚನೆ ಮಾಡಿತು.

ಹೊಸದು ಬಂದು ಮೂಲೆಯಲ್ಲಿ ಕೂತಿದೆ. ಎಲ್ಲಿ ಮುಟ್ಟಿದರೂ ಗಾಜು. ಬೆರಳಿಗೆ ಹಿಡಿತವಿಲ್ಲ, ತಪ್ಪಿ ತಗುಲಿದರೆ ಎಲ್ಲಿಗೋ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ಮೊದಲ ದಿನವೇ "ಕಣ್ಣು ತೆರೆದು ಫೋನಿನತ್ತ ನೋಡಿ" ಅಂದಿತು. ನಮ್ಮಿಬ್ಬರ ಸಂಬಂಧ ಅಲ್ಲಿಗೇ ಹಳಸಿತು. ನೀನು ಒಳ್ಳೆಯ ಮನಸ್ಸಿನಿಂದ ಕಳಿಸಿದ್ದೀ, ಅದನ್ನು ನಾನು ಬಲ್ಲೆ. ಚಿಮಟ ಅದಕ್ಕೂ ಮಾತು ಕಲಿಸಿದ್ದಾಳೆ. ಆದರೆ ನಿನ್ನ ಕಾಗದ ಹಿಡಿದರೆ ಅದು ಮೂಕ. ಕೈಬರಹದ ನಮ್ಮ ಲಿಪಿ ಅದಕ್ಕೆ ಬರುವುದಿಲ್ಲವಂತೆ.

ಇರಲಿ, ಪುಸ್ತಕ ಕೇಳಲು ಮಾತ್ರ ಇಟ್ಟುಕೊಳ್ಳೋಣ ಅಂತ ಆ್ಯಪ್ ಹಾಕಿಸಿದೆ. ಅದು "ನಿಮ್ಮ ಹಳೆಯ ಸಾಧನದಿಂದ ಅನುಮತಿ ಕೊಡಿ" ಅಂದಿತು. ಹಳೆಯದರಲ್ಲಿ ಆ್ಯಪೇ ತೆರೆಯದು, ಅನುಮತಿ ಎಲ್ಲಿಂದ ಕೊಡಲಿ? ಚಿಮಟ ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೆದಕಿದಳು. ಆಮೇಲೆ, ಒಂದು ದಾರಿ ಇದೆ, ಹಳೇ ಫೋನು ತಾನು ಬದಲಾಗಿಯೇ ಇಲ್ಲ ಅಂತ ಆ್ಯಪ್‌ಗೆ ಸುಳ್ಳು ಹೇಳುವ ಹಾಗೆ ಮಾಡಬಹುದು ಅಂದಳು. ಮಾಡು ಅಂದೆ.

ಮಗೂ, ತೆರೆದುಕೊಂಡಿತು. ಅಮ್ಮ ಅಂದು ನಿಂತ ವಾಕ್ಯದಿಂದಲೇ ಮುಂದುವರಿಸಿದಳು. ಹಡಗಿನವನು ಹಗ್ಗ ಬಿಚ್ಚುತ್ತಿದ್ದ, ಬಿಚ್ಚಿದ. ಇಷ್ಟು ದಿನ ಅವನು ಆ ಹಗ್ಗ ಹಿಡಿದುಕೊಂಡೇ ನಿಂತಿದ್ದನೇನೋ ಅನಿಸಿತು.

ಬೇಗ ಹೊಸ ಫೋನಿಗೆ ಸಾಗಿಸಿಬಿಡೋಣ, ಈ ಸುಳ್ಳು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ ಅಂತ ಚಿಮಟ ದಿನಾ ಹೇಳುತ್ತಾಳೆ. ನಾಳೆ ನೋಡೋಣ ಅನ್ನುತ್ತೇನೆ. ಕೈಗೆ ಒಗ್ಗಿದ ಗುಂಡಿ, ಕಿವಿಗೆ ಒಗ್ಗಿದ ದನಿ. ಅವೆರಡೂ ಒಟ್ಟಿಗಿರುವಾಗ ಎಬ್ಬಿಸಲು ಮನಸ್ಸಾಗುವುದಿಲ್ಲ.

ಗಾಡಿ ಓಡಿಸುವಾಗ ಕಿಟಕಿಯ ಗಾಳಿ ಕಿವಿಗೆ ನೇರವಾಗಿ ಬೀಳದ ಹಾಗೆ ನೋಡಿಕೋ.

ಅಪ್ಪ


2 ಮೇ

ಮಾನ್ಯರೇ,

ವಿಷಯ: ಮೃತ ಖಾತೆದಾರರ ಖಾತೆಯ ಮುಕ್ತಾಯ

ತಾವು ದೂರವಾಣಿಯಲ್ಲಿ ನೀಡಿದ ಮಾಹಿತಿಯಂತೆ, ಸದರಿ ಖಾತೆದಾರರು ನಿಧನರಾಗಿರುವುದನ್ನು ದಾಖಲಿಸಿಕೊಳ್ಳಲಾಗಿದೆ. ತಮ್ಮ ದುಃಖದಲ್ಲಿ ನಾವೂ ಭಾಗಿಗಳು.

ನಮ್ಮ ಸೇವೆಯಲ್ಲಿ ಪುಸ್ತಕಗಳನ್ನು ಮಾರಲಾಗುವುದಿಲ್ಲ. ಪಾವತಿಗೆ ಪ್ರತಿಯಾಗಿ ಖಾತೆದಾರರಿಗೆ ಅವರ ಜೀವಿತಾವಧಿಯವರೆಗೆ ಕೇಳುವ ಅನುಮತಿಯನ್ನು ಮಾತ್ರ ನೀಡಲಾಗುತ್ತದೆ. ಈ ಅನುಮತಿಯು ವಾರಸುದಾರರಿಗೆ ವರ್ಗಾವಣೆಯಾಗುವುದಿಲ್ಲ. ಮೇಲಾಗಿ, ಸದರಿ ಖಾತೆಯನ್ನು ಸುರಕ್ಷತಾ ತಪಾಸಣೆಯನ್ನು ವಂಚಿಸುವ ಸಾಧನದಿಂದ ಬಳಸಲಾಗಿರುವುದು ಕಂಡುಬಂದಿದೆ. ಆದ್ದರಿಂದ ಖಾತೆಯನ್ನೂ ಅದರಲ್ಲಿನ ಸಮಸ್ತ ಶೀರ್ಷಿಕೆಗಳನ್ನೂ ಮುಕ್ತಾಯಗೊಳಿಸಲಾಗಿದೆ.

ತಮ್ಮೊಡನೆ ಮಾತನಾಡಿದ ನಮ್ಮ ಪ್ರತಿನಿಧಿಯ ಸೇವೆ ತೃಪ್ತಿಕರವಾಗಿತ್ತೇ ಎಂಬುದನ್ನು ತಿಳಿಸಿದಲ್ಲಿ ಆಭಾರಿಗಳಾಗಿರುತ್ತೇವೆ.

ಇಂತಿ,
ಗ್ರಾಹಕ ಸೇವಾ ವಿಭಾಗ


11 ಮೇ

ತಂಗೀ,

ನಾನು ಚಿಮಟ. ನಿನ್ನ ವಿಳಾಸವನ್ನು ಸಾರ್ ಹತ್ತಿರ ಕೇಳಿಯೇ ಪಡೆದೆ, ಆದರೆ ಏನು ಬರೆಯುತ್ತೇನೆ ಅಂತ ಹೇಳಿಲ್ಲ. ಅವರು ನಿನಗೆ ಬರೆದಿರಲಾರರು. ಕಂಪನಿಯ ಕಾಗದವನ್ನು ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ.

ನನ್ನ ಉಪಾಯ ಕೆಲವು ವಾರ ನಡೆಯಿತು. ಆಮೇಲೆ ಕಂಪನಿಯವರು ಪತ್ತೆ ಹಚ್ಚಿ ಖಾತೆಗೆ ತಡೆ ಹಾಕಿದರು. ಸಹಾಯವಾಣಿಗೆ ಫೋನ್ ಮಾಡಿ ಅಂತ ಬಂತು. ನನ್ನ ಅಂಗಡಿಯಲ್ಲೇ ಕೂತು ಮಾಡಿದೆವು, ಸ್ಪೀಕರ್ ಹಾಕಿದ್ದೆ. ಆ ಕಡೆಯ ಹುಡುಗಿ ಖಾತೆ ಹೆಂಗಸಿನ ಹೆಸರಿನಲ್ಲಿದೆ, ಅವರನ್ನೇ ಫೋನಿಗೆ ಕೊಡಿ ಅಂದಳು. ಖಾತೆ ನಿನ್ನಮ್ಮ ತೆರೆದದ್ದು, ಅದನ್ನು ಬದಲಾಯಿಸಬೇಕು ಅಂತ ಯಾರಿಗೆ ಹೊಳೆದೀತು? ಸಾರ್ "ಅವಳು ಹೋಗ್ಬಿಟ್ಟಿದಾಳೆ" ಅಂದರು. "ಎಲ್ಲಿಗೆ ಹೋಗಿದಾರೆ ಸಾರ್, ಯಾವಾಗ ಬರ್ತಾರೆ?" ಅಂತ ಕೇಳಿದಳು ಹುಡುಗಿ.

ನಾನೇ ಹೆಂಡತಿಯ ಹಾಗೆ ಮಾತಾಡುತ್ತೇನೆ, ಫೋನ್ ಇತ್ತ ಕೊಡಿ ಅಂತ ಕೈಸನ್ನೆ ಮಾಡಿದೆ. ಯಾರಿಗೆ ಕೈಸನ್ನೆ ಮಾಡುತ್ತಿದ್ದೇನೆ ಅನ್ನುವುದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಅವರು ಹೇಳಿಬಿಟ್ಟಿದ್ದರು. ತೀರಿಕೊಂಡಿದ್ದಾಳೆ ಅಂತ, ಸ್ಪಷ್ಟವಾಗಿ, ದಿನಾಂಕದ ಸಮೇತ. ಹುಡುಗಿ ಟೈಪ್ ಮಾಡುವ ಸದ್ದು ಕೇಳಿಸುತ್ತಿತ್ತು. ಫೋನ್ ಇಡುವ ಹೊತ್ತಿಗೆ ಪುಸ್ತಕಗಳು ಒಂದೊಂದಾಗಿ ಹೋಗತೊಡಗಿದವು. ಅವುಗಳ ಹೆಸರು ಅಳಿಸಿಹೋಗುವುದನ್ನು ನಾನು ನೋಡಿದೆ. ಅವರಿಗೆ ಹೇಳಲಿಲ್ಲ. ಅವರು ಮನೆಗೆ ಹೋಗಿ ಗುಂಡಿ ಒತ್ತಿದಾಗ ಗೊತ್ತಾಗಿರಬೇಕು.

ಫೋನಿನ ಹೊಟ್ಟೆಯೊಳಗೆ ಪುಸ್ತಕಗಳ ಕಡತಗಳು ಇನ್ನೂ ಇವೆ, ಬೀಗ ಹಾಕಿದ ಪೆಟ್ಟಿಗೆಗಳ ಹಾಗೆ. ಆ ಬೀಗ ಒಡೆಯಬಲ್ಲವರು ಇದ್ದಾರೆ, ನಾನೂ ಪ್ರಯತ್ನ ಮಾಡಬಲ್ಲೆ. ಅದಕ್ಕೆ ಕಾನೂನು ಬಿಡುವುದಿಲ್ಲ, ಸಿಕ್ಕಿಬಿದ್ದರೆ ಅಂಗಡಿಗೆ ಮೊಹರು ಬೀಳುತ್ತದೆ. ಆದರೂ ಮಾಡುತ್ತೇನೆ ಅಂದೆ. ಸಾರ್ ಸಿಟ್ಟಾದರು. "ನಿನ್ನ ಅಂಗಡಿ ಮುಚ್ಸಿ ನಾನು ಕತೆ ಕೇಳ್ತಾ ಕೂರ್ಲಾ?" ಅಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

ಕೆಲಸಕ್ಕೆ ಹೋಗುತ್ತಾರೆ, ಬರುತ್ತಾರೆ. ಮೊದಲು ಸಂಜೆ ಮೇಲಿನಿಂದ ನಿನ್ನಮ್ಮನ ದನಿ ಸಣ್ಣಗೆ ಕೇಳಿಸುತ್ತಿತ್ತು, ಜೊತೆಗೆ ಸುತ್ತಿಗೆ ಕುಟ್ಟುವ ಸದ್ದು. ಈಗ ಸುತ್ತಿಗೆ ಮಾತ್ರ.

ನನ್ನಿಂದಲೇ ಆಯಿತು ಅಂತ ನನಗೆ ಅನಿಸುತ್ತದೆ. ಅಲ್ಲ ಅಂತ ಬರೆಯಬೇಡ.

ಚಿಮಟ


5 ಜೂನ್

ಅಪ್ಪಾ,

ಚಿಮಟಕ್ಕ ಬರೆದಿದ್ದರು. ಅವರನ್ನು ಬೈಯಬೇಡಿ.

ಮೊನ್ನೆ ಪುಸ್ತಕದ ಕಂಪನಿ ಇರುವ ಊರಿನ ರೈಲ್ವೆ ಯಾರ್ಡಿನಲ್ಲಿ ನನ್ನ ಗೂಡ್ಸ್ ಗಾಡಿ ಸಿಗ್ನಲ್ ಸಿಗದೆ ಇಡೀ ದಿನ ನಿಂತಿತು. ನನ್ನ ಜಾಗಕ್ಕೆ ಬೇರೆಯವರು ಬಂದರು, ನನಗೆ ಬಿಡುವು ಸಿಕ್ಕಿತು. ಕಂಪನಿಯ ವಿಳಾಸ ಹಿಡಿದುಕೊಂಡು ಹೋದೆ. ಜಗಳ ಮಾಡಲೆಂದೇ ಹೋದದ್ದು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ.

ಅದು ಯಾರ್ಡಿಗೆ ಅಂಟಿಕೊಂಡಿರುವ ಹಳೆಯ ಗೋದಾಮು. ನಾನು ಎಷ್ಟೋ ಸಲ ಅದರ ಹಿಂಗೋಡೆಯ ಪಕ್ಕದಲ್ಲೇ ಹಾದುಹೋಗಿದ್ದೇನೆ, ಅಮ್ಮ ಕೆಲಸ ಮಾಡುತ್ತಿದ್ದದ್ದು ಅಲ್ಲೇ ಅಂತ ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ನಾನು ಈ ಕೆಲಸಕ್ಕೆ ಸೇರಿದ ಮೇಲೆ ನಾವಿಬ್ಬರೂ ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಮಾತಾಡಿದ್ದೇ ಕಡಿಮೆ. ಹೆಣ್ಣುಮಗಳು ಒಬ್ಬಳೇ ಅಷ್ಟುದ್ದದ ಗಾಡಿ ಎಳೆದುಕೊಂಡು ಕಾಡುಮೇಡು ಅಲೆಯುವುದೇನು ಅಂತ ಅಮ್ಮ ಅಂದದ್ದು, ಆಮೇಲೆ ಆ ಮಾತನ್ನು ಎತ್ತದೇ ಇದ್ದದ್ದು, ಎಲ್ಲ ನಿಮಗೆ ಗೊತ್ತು.

ಬಾಗಿಲಲ್ಲಿ ನಿಂತು, ಯಾರಾದ್ರೂ ಇದೀರಾ ಅಂತ ಕೂಗಿದೆ. ಒಳಗಿಂದ ಏನೋ ಬಿದ್ದ ಸದ್ದಾಯಿತು. ವಯಸ್ಸಾದ ರೆಕಾರ್ಡಿಸ್ಟ್ ಒಬ್ಬರು ಹೊರಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ನಾನು ಯಾರು ಅಂತ ಹೇಳುವ ಮೊದಲೇ, "ನೀನು ಅವರ ಮಗಳು ತಾನೇ?" ಅಂದರು. ಮುಖ ನೋಡಿ ಅಲ್ಲ ಅಪ್ಪಾ. ನನ್ನ ಕೂಗಿಗೆ ಒಳಗೆ ಏನೋ ಬಿದ್ದಾಗ ಅವರಿಗೆ ನಾನು ಕಂಡಿರಲೇ ಇಲ್ಲ.

ಅಲ್ಲಿಂದ ಆಚೆಗೆ ಜಗಳ ಮಾಡಲು ಆಗಲಿಲ್ಲ. ಅವರ ಕೈಯಲ್ಲಿ ಏನೂ ಇಲ್ಲ. ಧ್ವನಿಮುದ್ರಣವೆಲ್ಲ ಕಂಪನಿಗೆ ಸೇರಿದ್ದು, ಒಂದು ವಾಕ್ಯ ಹೊರಗೆ ಒಯ್ದರೂ ಅವರ ಕೆಲಸ ಹೋಗುತ್ತದೆ. ಮೇಲಿನವರಿಗೆ ನಿಮ್ಮ ವಿಷಯ ಹೇಳಿ ನೋಡುತ್ತೇನೆ ಅಂದರು. ಆಮೇಲೆ, ಒಯ್ಯುವುದು ಬೇಡ, ಇಲ್ಲೇ ಕೂತು ಸ್ವಲ್ಪ ಹೊತ್ತು ಕೇಳುತ್ತೀಯಾ ಅಂತ ಕೇಳಿದರು. ನಾನು ಬೇಡ ಅನ್ನಬೇಕೆಂದುಕೊಂಡೆ. ಕುರ್ಚಿ ಎಳೆದು ಕೂತೆ.

ಅವರು ಹಾಕಿದ್ದು ಪುಸ್ತಕವಲ್ಲ, ಅದಕ್ಕೂ ಹಿಂದಿನದು, ಕತ್ತರಿ ಹಾಕುವ ಮೊದಲಿನ ಮುದ್ರಣ. ಅಮ್ಮ ಓದುತ್ತಾಳೆ, ತಪ್ಪುತ್ತಾಳೆ, ನಾಲಿಗೆ ಕಚ್ಚಿಕೊಂಡು ಇನ್ನೊಂದ್ಸಲ ಅನ್ನುತ್ತಾಳೆ. ನೀರು ಕುಡಿಯುತ್ತಾಳೆ. ಒಂದು ಕಡೆ ಓದುತ್ತಿದ್ದವಳು ತಟ್ಟನೆ ನಿಂತು, "ತಡೀರಿ, ಗಾಡಿ" ಅಂದಳು. ಹಿಂದೆ ದೂರದಿಂದ ಗಾಡಿ ಬರುವ ಸದ್ದು. ಗೋಡೆ ಎಷ್ಟು ದಪ್ಪವಿದ್ದರೂ ಅದು ಒಳಗೆ ಬರುತ್ತಿತ್ತಂತೆ, ಪ್ರತಿ ಸಲ ನಿಲ್ಲಿಸಬೇಕಿತ್ತಂತೆ. ಆಮೇಲೆ ಈ ರೆಕಾರ್ಡಿಸ್ಟರ ದನಿ, ಇನ್ನೂ ಮುಗೀಲಿಲ್ವಲ್ಲ ಅಂತ ಬೇಸರದಿಂದ. ಅಮ್ಮ ಹೇಳಿದಳು:

"ಗೂಡ್ಸು. ಪ್ಯಾಸೆಂಜರ್ ಆಗಿದ್ರೆ ಇಷ್ಟೊತ್ತಿಗೆ ಹೋಗ್ಬಿಡೋದು. ನಮ್ಮವಳು ಓಡಿಸೋದೂ ಗೂಡ್ಸೇ. ಹೋಗ್ಲಿ ಬಿಡಿ, ನಿಧಾನಕ್ಕೆ ಹೋಗ್ಲಿ."

ಗಾಡಿ ಪೂರ್ತಿ ಹಾದುಹೋಗುವವರೆಗೆ ಅವಳು ಸುಮ್ಮನಿದ್ದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಓದಿದಳು. ನಿಮ್ಮ ಪುಸ್ತಕಗಳಲ್ಲಿ ಇದೆಲ್ಲ ಇರಲಿಲ್ಲ ಅಪ್ಪಾ. ಕತ್ತರಿಸಿ ಜೋಡಿಸಿಬಿಟ್ಟಿದ್ದಾರೆ, ಎಲ್ಲಿ ನಿಂತಳು ಅಂತ ಯಾರಿಗೂ ಗೊತ್ತಾಗದ ಹಾಗೆ.

ಅವರು ಇನ್ನಷ್ಟು ಹಾಕಲಾ ಅಂದರು. ಸಾಕು ಅಂದೆ. ಹೊರಗೆ ಬಂದು ಹಳಿಯ ಪಕ್ಕದ ಕಲ್ಲಿನ ರಾಶಿಯ ಮೇಲೆ ಕೂತೆ. ಅಳು ಬರಲಿಲ್ಲ, ಎದ್ದು ಹೋಗಲೂ ಆಗಲಿಲ್ಲ.

ಒಂದು ಮಾತು ಕೇಳುತ್ತೇನೆ. ನನ್ನ ದನಿ ಅಮ್ಮನದರ ಹಾಗೇ ಇದೆಯಾ? ನಾನು ಫೋನ್ ಮಾಡಿದರೆ ನೀವು ಆಯ್ತು, ಸರಿ ಅಂತ ಎರಡು ಮಾತಾಡಿ ಇಟ್ಟುಬಿಡುವುದು ಅದಕ್ಕೇನಾ? ನಾನು ಬೇರೆ ಏನೇನೋ ಅಂದುಕೊಂಡಿದ್ದೆ.

ಮಗಳು


23 ಜೂನ್

ಮಗಳೇ,

ನಿನ್ನ ಕಾಗದ ಬಂತು. ಮೇಜಿನ ದೀಪ ಹಾಕುವುದು ಮರೆತು ಹಿಡಿದಿದ್ದೆ, ಬೆಳಕು ಸಾಲದು ಅಂತ ಫೋನು ಬೈದ ಮೇಲೆ ಹಾಕಿ ಓದಿಸಿದೆ. ಗಾಡಿಯ ಜಾಗವನ್ನು ಹಲವು ಸಲ ಓದಿಸಿದೆ. ಯಂತ್ರಕ್ಕೆ ಅವಳ ಹಾಗೆ ಹೇಳಲು ಬರುವುದಿಲ್ಲ. ಆದರೂ "ನಿಧಾನಕ್ಕೆ ಹೋಗ್ಲಿ" ಅನ್ನುವುದು ಅವಳ ಮಾತೇ, ಯಾರು ಹೇಳಿದರೂ ಅವಳದೇ.

ಕೊನೆಯಲ್ಲಿ ನೀನು ಏನೋ ಕೇಳಿದ್ದೀ. ಅಲ್ಲಿ ಫೋನು ತಡವರಿಸಿತು. ಒತ್ತಕ್ಷರ ತಗುಲಿರಬೇಕು.

ರೆಕಾರ್ಡಿಸ್ಟ್ ಮೇಲಿನವರ ಹತ್ತಿರ ಮಾತಾಡಿದಂತೆ ಕಾಣುತ್ತದೆ. ಕಂಪನಿಯಿಂದ ಕಾಗದ ಬಂದಿದೆ. ಮರುಕದಿಂದ, ವಿಶೇಷ ಸಂದರ್ಭವೆಂದು, ಖಾತೆಯನ್ನು ನನ್ನ ಹೆಸರಿಗೆ ಮಾಡಿ ಪುಸ್ತಕಗಳನ್ನು ವಾಪಸು ಕೊಡುತ್ತಾರಂತೆ. ಹಳೆಯ ಫೋನನ್ನು ಅವರಿಗೆ ಒಪ್ಪಿಸಬೇಕು. ಮುಂದಿನ ತಿಂಗಳು ಅವರ ಕಚೇರಿಗೆ ಹೋಗಿ ಒಪ್ಪಂದಕ್ಕೆ ಸಹಿ ಹಾಕಬೇಕು.

ನೀನೇನು ಹೇಳುತ್ತೀ?

ಅಪ್ಪ


8 ಜುಲೈ

ಅಪ್ಪಾ,

ಸಹಿ ಹಾಕಿ.

ಹಳೆಯ ಫೋನು ನಿಮಗೆ ಏನು ಅಂತ ಗೊತ್ತಿಲ್ಲದೆ ಹೇಳುತ್ತಿಲ್ಲ. ಅದು ಹೋದರೆ ಕಾಗದ ಓದಿಸಲು, ಮಾತ್ರೆ ಗುರುತಿಸಲು ಚಿಮಟಕ್ಕನನ್ನೋ ಇನ್ನೊಬ್ಬರನ್ನೋ ಕರೆಯಬೇಕಾಗುತ್ತದೆ. ನನ್ನ ಕಾಗದವನ್ನೂ ಅವರೇ ಓದುತ್ತಾರೆ, ಆಗ ನಾನು ಹೀಗೆಲ್ಲ ಬರೆಯಲಾರೆ. ಅದೂ ಗೊತ್ತು. ಆದರೆ ಅದಕ್ಕೆಲ್ಲ ಏನಾದರೂ ದಾರಿ ಮಾಡಿಕೊಳ್ಳಬಹುದು. ಅಮ್ಮನ ದನಿಗೆ ಇನ್ನೊಂದು ದಾರಿ ಇಲ್ಲ.

ಒಮ್ಮೆ ಕೇಳಿ ಬಂದ ಮೇಲೆ ನನಗೂ ಕೇಳಬೇಕು ಅನಿಸುತ್ತಿದೆ. ನಿಮ್ಮ ಜೊತೆ ಕೂತು, ನೀವು ಸುತ್ತಿಗೆಗೆ ಫೆಲ್ಟ್ ಅಂಟಿಸುವಾಗ. ಆಗಸ್ಟ್ ಕೊನೆಗೆ ರಜೆ ಕೇಳಿದ್ದೇನೆ.

ಹೋದ ಸಲ ಕೇಳಿದ್ದನ್ನು ಮತ್ತೆ ಬರೆಯುವುದಿಲ್ಲ. ಒತ್ತಕ್ಷರ ಸರಿಯಾಗಿಯೇ ಇತ್ತು.

ಮಗಳು


6 ಆಗಸ್ಟ್

ಮಗಳೇ,

ಸಹಿ ಹಾಕಲಿಲ್ಲ. ನಿನಗೆ ಬೇಸರವಾಗುತ್ತದೆ, ಆದರೂ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಸಹಿ ಹಾಕಬೇಕೆಂದೇ ಹೋಗಿದ್ದೆ. ಹಳೆಯ ಫೋನನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದೆ. ದಾರಿ ತೋರಿಸಿ ಕಚೇರಿಗೆ ಮುಟ್ಟಿಸಿದ್ದೂ ಅದೇ. ತನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ ಅಂತ ಅದಕ್ಕೇನು ಗೊತ್ತು, ಬಲಕ್ಕೆ ತಿರುಗಿ, ಮೆಟ್ಟಿಲು ಇದೆ ಅಂತ ಹೇಳುತ್ತಲೇ ಇತ್ತು.

ಅಧಿಕಾರಿ ಹೆಣ್ಣುಮಗಳು, ನಿನ್ನ ವಯಸ್ಸಿರಬೇಕು. ಕುರ್ಚಿಯ ಬೆನ್ನಿಗೆ ನನ್ನ ಕೈ ಮುಟ್ಟಿಸಿ ಕೂರಿಸಿದಳು, ಆ ಮರ್ಯಾದೆ ಎಲ್ಲರಿಗೂ ತಿಳಿದಿರುವುದಿಲ್ಲ. ಒಪ್ಪಂದವನ್ನು ತಾನೇ ಓದಿ ಹೇಳಿದಳು. ಫೋನು ಒಪ್ಪಿಸುವುದು, ಸರಿ. ಮುಂದೆಂದೂ ಬದಲಾಯಿಸಿದ ಸಾಧನ ಬಳಸದಿರುವುದು, ಸರಿ. ತಪಾಸಣೆಯನ್ನು ವಂಚಿಸಿದ್ದೆ ಅಂತ ಒಪ್ಪಿಕೊಳ್ಳುವುದು. ಅದಕ್ಕೂ ಹೂಂ ಅಂದೆ. ಕೊನೆಯದು ಕಾಗದದಲ್ಲಿ ತಿಳಿಸಿರದ ಮಾತು: ವಂಚಿಸುವ ಏರ್ಪಾಟು ಮಾಡಿಕೊಟ್ಟವರ ಹೆಸರು, ಅಂಗಡಿಯ ವಿಳಾಸ.

"ಹೆಸರು ಕೊಟ್ರೆ ಅವ್ರಿಗೇನಾಗುತ್ತೆ?" ಅಂತ ಕೇಳಿದೆ.

"ಅದು ಕಾನೂನು ವಿಭಾಗದವ್ರು ನೋಡ್ಕೋತಾರೆ ಸಾರ್, ನನಗೆ ಗೊತ್ತಿಲ್ಲ."

ನನಗೆ ನಂಬಿಕೆ ಬರಲಿಲ್ಲ ಅಂದುಕೊಂಡಳೋ ಏನೋ, ಖಾತೆ ಆಗಲೇ ಸಿದ್ಧವಿದೆ, ನೋಡಿ ಬೇಕಾದರೆ ಅಂತ ತನ್ನ ಕಂಪ್ಯೂಟರಿನಲ್ಲಿ ಒಂದು ಪುಸ್ತಕ ತೆರೆದಳು. ಆ ಕೋಣೆಯಲ್ಲಿ, ಫ್ಯಾನಿನ ಸದ್ದಿನ ನಡುವೆ, ಅಮ್ಮ ಓದತೊಡಗಿದಳು.

ಯಾವ ಪುಸ್ತಕ, ಯಾವ ಅಧ್ಯಾಯ ಅಂತ ಕೇಳಬೇಡ. ನನಗೆ ಅರ್ಥ ಕೇಳಿಸುತ್ತಿರಲಿಲ್ಲ, ದನಿ ಮಾತ್ರ. ಚಿಮಟಳ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಸುಳ್ಳು ಹೇಳುವುದಿಲ್ಲ, ಹೇಳಿಬಿಡಲೇ ಅಂತ ಅನಿಸಿದ ಕ್ಷಣವೂ ಇತ್ತು. ಆ ಫೋನನ್ನು ಮೊದಲು ಅವಳ ಕೈಗೆ ಕೊಟ್ಟವಳು ಅಮ್ಮ. ಅಮ್ಮನ ದನಿ ಕೇಳುವುದಕ್ಕೆ ಅವಳನ್ನು ಹಿಡಿದುಕೊಟ್ಟೆ ಅಂತಾದರೆ, ನಾಳೆ ಸಂಜೆಯಿಂದ ಆ ದನಿಯನ್ನು ಯಾವ ಕಿವಿಯಿಂದ ಕೇಳಲಿ?

"ಹೆಸರು ಗೊತ್ತಿದೆ. ಹೇಳಲ್ಲ" ಅಂದೆ.

"ಹಾಗಾದ್ರೆ ನಿಲ್ಲಿಸ್ಬೇಕಾಗುತ್ತೆ ಸಾರ್" ಅಂದಳು.

"ನಿಲ್ಲಿಸಮ್ಮ. ಆ ವಾಕ್ಯ ಒಂದು ಮುಗೀಲಿ."

ಅವಳು ಕೆಟ್ಟವಳಲ್ಲ. ವಾಕ್ಯ ಮುಗಿದ ಮೇಲೂ ಬಿಟ್ಟಳು, ಪುಟ ಮುಗಿಯುವ ತನಕ ಇರಬೇಕು. ನಾನು ಎದ್ದು ನಿಂತ ಮೇಲೆ ನಿಲ್ಲಿಸಿದಳು.

ಬಾಗಿಲ ತನಕ ಬಂದು, ನಿಮ್ಮಂಥ ಇನ್ನೂ ಕೆಲವರ ಅರ್ಜಿಗಳಿವೆ, ಅಂಧರ ಸಂಘದವರು ದೂರು ಕೊಡಲಿದ್ದಾರೆ ಅಂತ ಮೆಲ್ಲಗೆ ಹೇಳಿದಳು. ಸಂಘದವರನ್ನು ಹುಡುಕಿ ಅದಕ್ಕೆ ಸಹಿ ಹಾಕಿ ಬಂದೆ. ಅದರಿಂದ ಏನಾಗುತ್ತದೋ, ಯಾವಾಗ ಆಗುತ್ತದೋ, ನಾನು ನೆಚ್ಚಿಕೊಂಡು ಕೂತಿಲ್ಲ.

ಚಿಮಟಳಿಗೆ ಕಂಪನಿಯವರು ಒಪ್ಪಲಿಲ್ಲ ಅಂತಷ್ಟೇ ಹೇಳಿದ್ದೇನೆ. ನೀನೂ ಅಷ್ಟೇ ಹೇಳು. ಅವಳಿಗೆ ಹೀಗಾಯಿತು ಅಂತ ತಿಳಿದರೆ ಮಾರನೆಯ ದಿನವೇ ಹೋಗಿ ತಾನಾಗಿ ಹೆಸರು ಕೊಟ್ಟು ಬರುವವಳು.

ಇನ್ನೊಂದು ವಿಷಯ. ಈಚೆಗೆ ಅಮ್ಮನ ದನಿಯನ್ನು ಮನಸ್ಸಿನಲ್ಲಿ ಹಿಡಿಯಲು ಹೋದರೆ ಯಂತ್ರದ ದನಿ ನಡುವೆ ಬಂದು ನಿಲ್ಲುತ್ತದೆ. ಪಿಯಾನೊದ ತಂತಿ ಸ್ವಲ್ಪ ಸಡಿಲಾದರೂ ನನ್ನ ಕಿವಿಗೆ ಗೊತ್ತಾಗುತ್ತದೆ. ಇದೂ ಗೊತ್ತಾಗುತ್ತಿದೆ. ಇದನ್ನು ಯಾರಿಗೂ ಹೇಳಿಲ್ಲ.

ನೀನು ಜೂನ್‌ನಲ್ಲಿ ಕೇಳಿದ್ದು ನನಗೆ ಅಂದೇ ತಿಳಿದಿತ್ತು. ಹೌದು, ಅದಕ್ಕೇ. ಹಲೋ ಅಂತ ನೀನು ಅಂದರೆ ಸಾಕು, ಮುಂದೆ ನನಗೆ ನಿಲ್ಲಲು ಆಗುತ್ತಿರಲಿಲ್ಲ.

ಭಾನುವಾರ ನಿನಗೆ ಬಿಡುವಿದ್ದರೆ ಫೋನ್ ಮಾಡು. ವಿಷಯ ಏನೂ ಬೇಡ. ಗಾಡಿ ಎಲ್ಲಿ ನಿಂತಿತು, ಯಾರು ಗೊರಕೆ ಹೊಡೆದರು, ಏನಾದರೂ ಹೇಳು. ನಾನು ಹೆಚ್ಚು ಮಾತಾಡದೆ ಇರಬಹುದು. ಇಟ್ಟುಬಿಟ್ಟೆ ಅಂದುಕೊಳ್ಳಬೇಡ, ಕೇಳುತ್ತಿರುತ್ತೇನೆ.

ಅಪ್ಪ